ಪೈಪು ಐದಡಿಯಲ್ಲೋ, ಎರಡಡಿಯಲ್ಲೋ?

ಅಪ್ಪ ಹೂತಿದ್ದ ಹಳೇ ಪೈಪ್‌ಲೈನ್ ಹುಡುಕೋಕೆ ನೆಲದೊಳಗೆ ನೋಡುವ ರಾಡಾರ್ ತರಿಸಿದ್ವಿ. ಐದಡಿ ಆಳ ಅಂದ್ರು. ಎರಡಡಿಗೇ ಜೆಸಿಬಿ ಪೈಪ್ ಸೀಳಿತು!

ರಾಡಾರ್ ಅಳೆಯೋದು ಆಳವನ್ನಲ್ಲ, ಅಲೆ ಹೋಗಿ ಬರುವ ಸಮಯವನ್ನು. 20 ನ್ಯಾನೋಸೆಕೆಂಡ್ ಅಂದ್ರೆ ಒಣ ಮರಳಲ್ಲಿ ಸುಮಾರು ಐದಡಿ. ಒದ್ದೆ ಮಣ್ಣಲ್ಲಿ ಎರಡೇ ಅಡಿ. ನೀರು ಅಲೆಯ ವೇಗ ತಗ್ಗಿಸುತ್ತೆ. ನಮ್ಮದು ನೀರು ಬಿಟ್ಟಿದ್ದ ತೋಟ.

ಇದನ್ನು ಕಂಪ್ಯೂಟರಿನಲ್ಲಿ ಮೊದಲೇ ನೋಡಬಹುದು. ನೆಲವನ್ನು ಪುಟ್ಟ ಚೌಕಗಳಾಗಿ ಹಂಚಿ, ಪ್ರತಿಯೊಂದರ ವಿದ್ಯುತ್ ಮತ್ತು ಕಾಂತ ಕ್ಷೇತ್ರವನ್ನು ಹೆಜ್ಜೆಹೆಜ್ಜೆಗೂ ಲೆಕ್ಕ ಹಾಕುವ ವಿಧಾನವನ್ನು ಕೇನ್ ಯೀ 1966ರಲ್ಲೇ ಕೊಟ್ಟರು. ಉಚಿತ ತಂತ್ರಾಂಶ ಜಿಪಿಆರ್‌ಮ್ಯಾಕ್ಸ್ ಮಾಡೋದೂ ಇದನ್ನೇ. ಮಣ್ಣಿನ ತೇವ ಬದಲಿಸಿ ನೋಡಿದಾಗ ನನ್ನ ತಪ್ಪು ತಿಳೀತು.

ನೀವು ತರಿಸೋದಾದ್ರೆ, ಯಾವ ವೇಗ ಹಿಡಿದು ಆಳ ಹೇಳ್ತಾರೆ ಅಂತ ಕೇಳಿ. ಒಂದು ಕಡೆ ಗುದ್ದಲಿಯಲ್ಲಿ ಅಗೆದು ತಾಳೆ ನೋಡಿ. ಜೆಸಿಬಿ ಆಮೇಲೆ.