ನಾಲೆಯ ನೀರು ಕೊನೆಯ ಗದ್ದೆಯನ್ನು ಮುಟ್ಟುವ ಬಗೆ

ಮಂಡ್ಯ, ಮದ್ದೂರು, ಮಳವಳ್ಳಿ ಎಂದೊಡನೆ ಕಬ್ಬಿನ ತೋಟಗಳೂ ಬತ್ತದ ಗದ್ದೆಗಳೂ ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಆದರೆ ಈ ಸೀಮೆಯ ಬಹುಭಾಗವು ಹಿಂದೆ ರಾಗಿ, ಹುರುಳಿಗಳನ್ನು ಬೆಳೆದು ಮಳೆಯನ್ನೇ ನಂಬಿದ್ದ ಬೆದ್ದಲು ನೆಲ. ಅದು ತರಿಯಾದುದು ಹೇಗೆ, ಬಂದ ನೀರು ರೈತರಿಗೆ ಹಂಚಿಕೆಯಾಗುವುದು ಹೇಗೆ ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಅವರ ತಂದೆತಾಯಿಗಳೂ ತಿಳಿದಿರುವುದು ಯುಕ್ತವೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲನೆಯದು, ನೀರಿನ ಶೇಖರಣೆ. ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, ಮುಖ್ಯ ಇಂಜಿನಿಯರಾಗಿದ್ದ ಶ್ರೀ ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ, ಕನ್ನಂಬಾಡಿಯ ಬಳಿ ಕಾವೇರಿಗೆ ಅಣೆಕಟ್ಟು ಕಟ್ಟುವ ಕೆಲಸವು 1911ರಲ್ಲಿ ಆರಂಭವಾಯಿತು. ಅದು ಪೂರ್ಣವಾಗುವುದಕ್ಕೆ ಸುಮಾರು ಇಪ್ಪತ್ತು ವರ್ಷಗಳು ಹಿಡಿದವು. ಸಿಮೆಂಟಿಗೆ ಬದಲಾಗಿ ಸುರ್ಕಿ ಗಾರೆಯಿಂದ ಕಟ್ಟಿದ ಈ ಕೃಷ್ಣರಾಜಸಾಗರವು ತುಂಬಿದಾಗ ನೀರಿನ ಮಟ್ಟವು 124.80 ಅಡಿ. ಆಗ ಅದರಲ್ಲಿ ನಿಲ್ಲುವ ನೀರು 49.45 ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಈ ನೀರೆಲ್ಲವನ್ನೂ ಸಮನಾಗಿ ಹರಡಿದರೆ ಸುಮಾರು 11 ಲಕ್ಷ ಎಕರೆಯ ಮೇಲೆ ಒಂದಡಿ ನಿಂತೀತು. ಕೇಳುವುದಕ್ಕೆ ಇದು ಅಪಾರ. ಆದರೆ ಬತ್ತಕ್ಕೆ ನಾಟಿಯಿಂದ ಕೊಯ್ಲಿನವರೆಗೆ ಹಲವು ಅಡಿ ನೀರು ಬೇಕು, ಕಬ್ಬಾದರೋ ವರ್ಷದ ಹತ್ತಿರ ನೆಲದಲ್ಲಿರುತ್ತದೆ. ಅಲ್ಲದೆ ಪಟ್ಟಣಗಳ ಕುಡಿಯುವ ನೀರಿಗೂ ಕೆಳಗಿನ ತಮಿಳುನಾಡಿಗೂ ಇದರಲ್ಲಿ ಪಾಲುಂಟು. ಆದುದರಿಂದ ಅಳತೆಯಿಲ್ಲದೆ ಕೊಡುವಂತಿಲ್ಲ.

ಎರಡನೆಯದು, ನೀರಿನ ದಾರಿ. ಅಣೆಕಟ್ಟಿನ ಎಡದಂಡೆಯಿಂದ ಹೊರಡುವ ದೊಡ್ಡ ನಾಲೆಗೆ ಆಗಿನ ವೈಸರಾಯರ ಹೆಸರಿನಿಂದ ಇರ್ವಿನ್ ನಾಲೆಯೆಂದು ಹೆಸರಿತ್ತು. ಈಗ ಅದು ವಿಶ್ವೇಶ್ವರಯ್ಯ ನಾಲೆ. ದಾರಿಗೆ ಅಡ್ಡವಾದ ಗುಡ್ಡವನ್ನು ಹುಲಿಕೆರೆಯ ಬಳಿ ಸುಮಾರು ಎರಡೂಮುಕ್ಕಾಲು ಕಿಲೋಮೀಟರು ಕೊರೆದು, ಸುರಂಗದ ಮೂಲಕ ನೀರನ್ನು ಶಿಂಷಾ ನದಿಯ ಬಯಲಿಗೆ ತಂದಿದ್ದಾರೆ. ಅಲ್ಲಿಂದ ಮುಂದೆ ಶಾಖಾ ನಾಲೆಗಳು, ಅವುಗಳಿಂದ ವಿತರಣಾ ನಾಲೆಗಳು, ಅವುಗಳಿಂದ ತೂಬುಗಳು, ತೂಬಿನಿಂದ ಹೊಲಗಾಲುವೆಗಳು. ಮರದ ಕಾಂಡವು ಕೊಂಬೆಯಾಗಿ, ಕೊಂಬೆಯು ರೆಂಬೆಯಾಗುವಂತೆ ನಾಲೆಯು ಮುಂದೆ ಹೋದಷ್ಟೂ ಕಿರಿದಾಗುತ್ತದೆ.

ಮೂರನೆಯದು, ಹಂಚಿಕೆ. ಹರಿಯುವ ನೀರನ್ನು ಕ್ಯೂಸೆಕ್ಕಿನಿಂದ ಅಳೆಯುತ್ತಾರೆ. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಅದು ಒಂದು ಕ್ಯೂಸೆಕ್. ಒಂದು ಕ್ಯೂಸೆಕ್ ನೀರು ಹಗಲಿರುಳು 24 ಗಂಟೆ ಹರಿದರೆ ಎರಡು ಎಕರೆಯ ಮೇಲೆ ಸುಮಾರು ಒಂದಡಿ ನಿಲ್ಲುತ್ತದೆ. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟರೆ, ಒಬ್ಬನ ತೂಬು ಒಂದು ರಾತ್ರಿ ಹೆಚ್ಚಾಗಿ ತೆರೆದಿದ್ದರೆ ಮತ್ತೊಬ್ಬನಿಗೆ ಎಷ್ಟು ನಷ್ಟವೆಂಬುದು ತಾನೇ ತಿಳಿಯುತ್ತದೆ.

ಶ್ರೀ ವಿಶ್ವೇಶ್ವರಯ್ಯನವರು ಮೊದಲು ಬೊಂಬಾಯಿ ಪ್ರಾಂತದ ನೀರಾ ಕಾಲುವೆಯಲ್ಲಿ ಬ್ಲಾಕ್ ಪದ್ಧತಿಯೆಂಬ ಏರ್ಪಾಡನ್ನು ತಂದಿದ್ದರು. ಅದನ್ನೇ ಇಲ್ಲಿಗೂ ಅಳವಡಿಸಲಾಯಿತು. ಭೂಮಿಯನ್ನು ಬ್ಲಾಕುಗಳಾಗಿ ವಿಂಗಡಿಸಿ, ಕಬ್ಬು, ಬತ್ತ, ರಾಗಿಯಂತಹ ಅರೆನೀರಾವರಿ ಬೆಳೆ, ಇವನ್ನು ಸರದಿಯಂತೆ ಬೆಳೆಯುವುದೇ ಅದರ ತಿರುಳು. ನೀರು ಕೆಲವರ ಪಾಲಾಗದೆ ಹೆಚ್ಚು ಗ್ರಾಮಗಳಿಗೆ ಹರಡಲಿ, ಸದಾ ನೀರು ನಿಂತು ನೆಲವು ಕೆಡದಿರಲಿ ಎಂಬುದು ಉದ್ದೇಶ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾದ ಮೇಲೆ ಕಬ್ಬಿಗೆ ಬೆಲೆ ಬಂದಿತು. ಕಾಲಕ್ರಮದಲ್ಲಿ ಬತ್ತ, ಕಬ್ಬುಗಳೇ ಹೆಚ್ಚಿ ಹಳೆಯ ಸರದಿಯು ಸಡಿಲವಾಯಿತು.

2003ರಲ್ಲಿ ಸರ್ಕಾರವು ಸ್ಥಾಪಿಸಿದ ಕಾವೇರಿ ನೀರಾವರಿ ನಿಗಮ ನಿಯಮಿತವೆಂಬ ಕಂಪನಿಯು ಈಗ ಈ ನಾಲೆಗಳನ್ನು ನೋಡಿಕೊಳ್ಳುತ್ತಿದೆ. ಅಣೆಕಟ್ಟಿನಲ್ಲಿರುವ ನೀರನ್ನು ನೋಡಿ ನೀರಾವರಿ ಸಲಹಾ ಸಮಿತಿಯು ನೀರು ಬಿಡುವ ಕಾಲವನ್ನು ಗೊತ್ತುಮಾಡುತ್ತದೆ. ನೀರು ಸಾಲದ ವರ್ಷದಲ್ಲಿ ಕಟ್ಟು ಪದ್ಧತಿ; ಎಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವುದು. ತೂಬಿನ ಬಳಿ ಈ ತೀರ್ಮಾನವನ್ನು ನಡೆಸುವವನು ನೀರುಗಂಟಿ.

ಇಷ್ಟೆಲ್ಲ ಇದ್ದರೂ ಕಷ್ಟವು ಎಲ್ಲಿ ಎಂದರೆ ನಾಲೆಯ ಕೊನೆಯಲ್ಲಿ. ತಲೆಭಾಗದವರಿಗೆ ನೀರು ಮೊದಲು ಸಿಕ್ಕುತ್ತದೆ. ಮದ್ದೂರು, ಮಳವಳ್ಳಿಯ ಕೊನೆಯ ಗ್ರಾಮಗಳವರು ಕಾದಿರಬೇಕು. ಹೂಳು ತುಂಬಿದರೆ, ಏರಿ ಸೋರಿದರೆ, ಮೇಲಿನವರು ಕಳ್ಳತೂಬು ತೆರೆದರೆ, ಅಲ್ಲಿ ಸಸಿಮಡಿಯೇ ಒಣಗುತ್ತದೆ. 2023ರಲ್ಲಿ ಮುಂಗಾರು ಸಾಲದೆ ಅಣೆಕಟ್ಟು ತುಂಬದಿದ್ದಾಗ ಈ ಕಷ್ಟವನ್ನು ಎಲ್ಲರೂ ಕಂಡರು. ಬೆಳೆ ಹೋದ ಮನೆಯಲ್ಲಿ ಸಾಲ ಬೆಳೆಯುತ್ತದೆ. ಹೆಣ್ಣುಮಗಳ ಓದಿಗೂ ಅದರಿಂದ ಕುತ್ತು ಬರಬಹುದೆಂಬುದನ್ನು ತಂದೆತಾಯಿಗಳಿಗೆ ನಾವು ಹೇಳಬೇಕಾಗಿಲ್ಲ.

ಇದಕ್ಕೆ ಪರಿಹಾರವು ಇಂಜಿನಿಯರರ ಕೈಯಲ್ಲಿ ಅರ್ಧ, ರೈತರ ಕೈಯಲ್ಲಿ ಅರ್ಧ. ನಾಲೆಯನ್ನು ದುರಸ್ತಿ ಮಾಡಿ, ಅಳತೆಯಿಂದ ನೀರು ಬಿಡುವುದು ನಿಗಮದ ಕೆಲಸ. ಹೊಲಗಾಲುವೆಯ ಹೂಳೆತ್ತುವುದು, ನೀರು ಬಳಕೆದಾರರ ಸಹಕಾರ ಸಂಘದಲ್ಲಿ ಕೂಡಿ ಸರದಿ ಗೊತ್ತುಮಾಡುವುದು, ಸರದಿ ಮುಗಿದೊಡನೆ ಮಡೆ ಮುಚ್ಚುವುದು, ನೀರು ಕಡಿಮೆಯಾದ ವರ್ಷ ರಾಗಿಯನ್ನೋ ಕಾಳನ್ನೋ ಬಿತ್ತುವುದು ರೈತರ ಕೆಲಸ. ಲೆಕ್ಕ ಬಲ್ಲ ನಮ್ಮ ಹಳೆಯ ವಿದ್ಯಾರ್ಥಿನಿಯರು ತಮ್ಮ ಗ್ರಾಮದ ಸಂಘಗಳಲ್ಲಿ ಕುಳಿತು ಈ ಸರದಿಯ ಪುಸ್ತಕವನ್ನು ಬರೆಯುವಂತಾದರೆ ಎಷ್ಟೋ ಜಗಳಗಳು ಮಡೆಯ ಬಳಿಗೆ ಹೋಗುವ ಮೊದಲೇ ತೀರುತ್ತವೆ. ಕನ್ನಂಬಾಡಿಯಲ್ಲಿ ನೀರನ್ನು ಕಲ್ಲುಗಾರೆಗಳು ಹಿಡಿದಿವೆ. ಅದನ್ನು ಕೊನೆಯ ಗದ್ದೆಗೆ ಮುಟ್ಟಿಸಬೇಕಾದುದು ನೆರೆಯವನ ನ್ಯಾಯಬುದ್ಧಿ.