ಭಾಷಣ ಮುಗಿದ ಮೇಲೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ. ಈ ಊರುಗಳ ಹೆಸರನ್ನು ಈಗ ನಾವು ಬಸ್ಸಿನ ಬೋರ್ಡಿನ ಮೇಲೆ ಓದುತ್ತೇವೆ. ಯಾರನ್ನೂ ಕೇಳದೆ ಬಸ್ಸು ಹತ್ತುತ್ತೇವೆ. ಬಸ್ ಸ್ಟ್ಯಾಂಡಿನ ಗೋಡೆಗೆ ಇನ್ನೂ ಏನೇನೋ ಅಂಟಿಸಿರುತ್ತಾರೆ. ಅದನ್ನೂ ಓದೋಣ ಬನ್ನಿ.

"ಉಚಿತ ನೇತ್ರ ತಪಾಸಣಾ ಶಿಬಿರ. ಮುಖ್ಯ ಅತಿಥಿಗಳಿಂದ ಉಪನ್ಯಾಸ. ಸರ್ವರಿಗೂ ಸ್ವಾಗತ."

ದೊಡ್ಡ ದೊಡ್ಡ ಮಾತು ಅನಿಸ್ತದೆ, ಅಲ್ಲವೇ? ಒಂದೊಂದೇ ಬಿಡಿಸಿ ನೋಡೋಣ. ಉಚಿತ ಅಂದರೆ ಪುಕ್ಕಟೆ, ರೊಕ್ಕ ಕೊಡುವಂತಿಲ್ಲ. ನೇತ್ರ ಅಂದರೆ ಕಣ್ಣು. ತಪಾಸಣೆ ಅಂದರೆ ಪರೀಕ್ಷೆ ಮಾಡಿ ನೋಡುವುದು. ಉಪನ್ಯಾಸ ಅಂದರೆ ತಿಳಿದವರು ಬಂದು ಹೇಳುವ ಮಾತು. ನಾವು ಅದಕ್ಕೆ ಭಾಷಣ ಅಂತೀವಿ. ಸರ್ವರು ಅಂದರೆ ಎಲ್ಲರೂ. ಅದರಲ್ಲಿ ನಾವೂ ಬಂದೆವು.

ಇಂಥ ಚೀಟಿಯ ತಲೆಯ ಮೇಲೆ ಬಹಳ ಸಲ ಒಂದು ಸಂಘದ ಹೆಸರು ಇರುತ್ತದೆ. ರೋಟರಿ ಅಂತಲೋ, ಲಯನ್ಸ್ ಅಂತಲೋ ಬರೆದಿರುತ್ತಾರೆ. ಇವು ಸೇವಾ ಸಂಘಗಳು. ಇವರು ಯಾರು?

1905ರಲ್ಲಿ ಅಮೆರಿಕ ದೇಶದ ಶಿಕಾಗೊ ಎಂಬ ಊರಿನಲ್ಲಿ ನಾಲ್ಕು ಜನ ಒಂದು ಕಡೆ ಕೂತರು. ಅವರನ್ನು ಕೂಡಿಸಿದವರು ಪಾಲ್ ಹ್ಯಾರಿಸ್ ಎಂಬ ವಕೀಲರು. ಒಂದು ಸಭೆ ಒಬ್ಬರ ಆಫೀಸಿನಲ್ಲಿ, ಮುಂದಿನ ಸಭೆ ಇನ್ನೊಬ್ಬರ ಆಫೀಸಿನಲ್ಲಿ. ನಮ್ಮ ಭಿಶಿ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗ್ತದಲ್ಲ, ಹಾಗೆ. ಹೀಗೆ ಸರದಿಯ ಮೇಲೆ ತಿರುಗುತ್ತಿತ್ತು ಅಂತ ರೋಟರಿ ಎಂದು ಹೆಸರಾಯಿತು. ಲಯನ್ಸ್ ಸಂಘ 1917ರಲ್ಲಿ ಅದೇ ದೇಶದಲ್ಲಿ ಹುಟ್ಟಿತು. ರೋಟರಿ 1919ರಲ್ಲಿ ಕಲಕತ್ತೆಗೆ ಬಂತು. ಲಯನ್ಸ್ ನಮ್ಮ ದೇಶಕ್ಕೆ ಬಂದದ್ದು 1956ರಲ್ಲಿ. ವ್ಯಾಪಾರಿಗಳು, ಡಾಕ್ಟರು, ವಕೀಲರು, ಮಾಸ್ತರರು ಇದರಲ್ಲಿ ಸೇರುತ್ತಾರೆ. ಕೂಡಿದಾಗ ಹೊರಗಿನವರೊಬ್ಬರನ್ನು ಅತಿಥಿಯಾಗಿ ಕರೆಸಿ ಮಾತು ಕೇಳುವುದು ಇಂಥ ಸಂಘಗಳ ರೂಢಿ.

ಬರೀ ಮಾತು ಕೇಳಿ ಏನು ಮಾಡೋದು? ಹಾರ, ಶಾಲು, ಫೋಟೋ ಇವಕ್ಕೇ ಅರ್ಧ ತಾಸು ಹೋಗ್ತದೆ. ಆಮೇಲೆ ಚಹಾ. ಆಮೇಲೆ ಮನೆಗೆ. ಎಷ್ಟೋ ಭಾಷಣಗಳ ಕಥೆ ಇಷ್ಟೇ. ಆದರೆ ಒಬ್ಬ ಅತಿಥಿಯ ಮಾತಿನಿಂದ ಒಂದು ದೊಡ್ಡ ಕೆಲಸ ಹುಟ್ಟಿದ್ದೂ ಉಂಟು. ಆ ಅತಿಥಿ ಒಬ್ಬ ಹೆಣ್ಣುಮಗಳು.

ಆಕೆಯ ಹೆಸರು ಹೆಲೆನ್ ಕೆಲ್ಲರ್. 1880ರಲ್ಲಿ ಅಮೆರಿಕದಲ್ಲಿ ಹುಟ್ಟಿದಳು. ಎರಡು ವರ್ಷ ತುಂಬುವ ಮೊದಲೇ ಜಡ್ಡು ಬಂದು ಕಣ್ಣು ಹೋದವು. ಕಿವಿಯೂ ಹೋದವು. ಕಾಣದು, ಕೇಳದು. ಮಾತು ಹ್ಯಾಗೆ ಬಂದೀತು? 1887ರಲ್ಲಿ ಆನ್ ಸಲಿವನ್ ಎಂಬ ಅಕ್ಕೋರು ಮನೆಗೆ ಬಂದರು. ಅವರು ಹುಡುಗಿಯ ಅಂಗೈಯಲ್ಲಿ ಬೆರಳಿನಿಂದ ಒಂದೊಂದೇ ಅಕ್ಷರ ಮೂಡಿಸಿ ತೋರಿಸಿದರು. ಹುಡುಗಿಗೆ ಅದೊಂದು ಆಟ ಅನಿಸಿತು. ಅರ್ಥ ಆಗಲಿಲ್ಲ. ಒಂದು ದಿನ ಅಕ್ಕೋರು ಅವಳ ಒಂದು ಕೈಯನ್ನು ಕೈಪಂಪಿನ ಕೆಳಗೆ ಹಿಡಿದರು. ನೀರು ಸುರಿಯಿತು. ಇನ್ನೊಂದು ಅಂಗೈಯಲ್ಲಿ ನೀರು ಎಂಬ ಮಾತಿನ ಅಕ್ಷರ ಮೂಡಿಸಿದರು. ಆಗ ಹುಡುಗಿಗೆ ಹೊಳೆಯಿತು. ಈ ತಣ್ಣನೆಯ ವಸ್ತುವಿಗೆ ಒಂದು ಹೆಸರಿದೆ, ಆ ಹೆಸರೇ ಈ ಅಕ್ಷರ! ಮೊದಲ ಅಕ್ಷರ ಕೂಡಿಸಿ ಓದಿದ ದಿನ ನಮಗೆ ಹೇಗಾಗಿತ್ತೋ ನೆನಪು ಮಾಡಿಕೊಳ್ಳಿ.

ಮುಂದೆ ಆಕೆ ಕಾಲೇಜು ಓದಿದಳು, ಪುಸ್ತಕ ಬರೆದಳು. 1925ರಲ್ಲಿ ಲಯನ್ಸ್ ಸಂಘದವರು ತಮ್ಮ ದೊಡ್ಡ ಸಮ್ಮೇಳನಕ್ಕೆ ಆಕೆಯನ್ನು ಕರೆದರು. ಆಕೆ ತನಗೆ ಶಾಲು ಕೇಳಲಿಲ್ಲ. ಕಣ್ಣಿಲ್ಲದವರ ಕೆಲಸವನ್ನು ನಿಮ್ಮ ಕೆಲಸ ಮಾಡಿಕೊಳ್ಳಿ ಎಂದು ಅವರನ್ನು ಕೇಳಿದಳು. ಸಂಘ ಒಪ್ಪಿತು. ಅಂದಿನಿಂದ ಕಣ್ಣಿನ ಕೆಲಸ ಲಯನ್ಸ್ ಸಂಘಗಳ ಮುಖ್ಯ ಕೆಲಸವಾಯಿತು. ಇಂದಿಗೂ ಊರೂರಿನಲ್ಲಿ ಆ ಸಂಘಗಳು ಕಣ್ಣಿನ ಶಿಬಿರ ಮಾಡುತ್ತವೆ. 1955ರಲ್ಲಿ ಹೆಲೆನ್ ಕೆಲ್ಲರ್ ನಮ್ಮ ದೇಶಕ್ಕೂ ಬಂದುಹೋದರು.

ನಮ್ಮ ನಾಡಿನಲ್ಲಿ ಕಣ್ಣಿನ ಶಿಬಿರ ಅಂದರೆ ಹಿರಿಯರು ಡಾ. ಎಂ.ಸಿ. ಮೋದಿ ಅವರನ್ನು ನೆನೆಯುತ್ತಾರೆ. ಅವರು ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯವರು. 1916ರಲ್ಲಿ ಹುಟ್ಟಿದರು. ಆಸ್ಪತ್ರೆಯಲ್ಲಿ ಕೂತು ರೋಗಿಗಳ ದಾರಿ ಕಾಯಲಿಲ್ಲ. ತಾವೇ ಊರೂರು ತಿರುಗಿ ಬಡವರ ಕಣ್ಣಿನ ಆಪರೇಷನ್ ಮಾಡಿದರು. ಒಂದೇ ದಿನ ನೂರಾರು ಜನರಿಗೆ ಮಾಡಿದ್ದುಂಟು. ಡಾಕ್ಟರು ಒಬ್ಬರೇ, ಆದರೆ ಅಷ್ಟು ಜನರನ್ನು ಕರೆತರಲು, ಚಾಪೆ ಹಾಸಲು, ಗಂಜಿ ಕಾಸಲು, ಕೈ ಹಿಡಿದು ನಡೆಸಲು ಊರಿನವರೇ ಬೇಕಾಗುತ್ತಿತ್ತು. ಸರ್ಕಾರ 1968ರಲ್ಲಿ ಅವರಿಗೆ ಪದ್ಮಭೂಷಣ ಕೊಟ್ಟಿತು. 2005ರಲ್ಲಿ ತೀರಿಕೊಂಡರು.

ಈಗ ಪದ್ಧತಿ ಬದಲಾಗಿದೆ. ಶಿಬಿರದಲ್ಲಿ ಕಣ್ಣು ನೋಡಿ ಹೆಸರು ಬರೆದುಕೊಳ್ಳುತ್ತಾರೆ. ಆಪರೇಷನ್ ಆಗುವುದು ಆಸ್ಪತ್ರೆಯಲ್ಲಿ. ಶಾಲೆಯ ಕೋಣೆಯಲ್ಲಿ ಮಾಡಿದರೆ ನಂಜು ಏರುವ ಭಯ ಹೆಚ್ಚು. ಆದ್ದರಿಂದ ಇದು ಒಳ್ಳೆಯದೇ. ಆದರೆ ನಮ್ಮ ಮುದುಕಿಯರಿಗೆ ಒಂದು ತೊಡಕಾಯಿತು. ಮೊದಲು ಡಾಕ್ಟರು ಊರಿಗೆ ಬರುತ್ತಿದ್ದರು. ಈಗ ಮುದುಕಿ ಆಸ್ಪತ್ರೆಯ ಊರಿಗೆ ಹೋಗಬೇಕು. ಯಾರ ಜೊತೆ?

ಇಲ್ಲೇ ಸ್ವಲ್ಪ ನಿಲ್ಲೋಣ. ಶಿಬಿರಕ್ಕೆ ಗಂಡಸರು ಬಂದಷ್ಟು ಸುಲಭವಾಗಿ ಹೆಂಗಸರು ಬರುವುದಿಲ್ಲ. ಕಣ್ಣಿನ ಪೊರೆ ಹೆಂಗಸರಿಗೇನು ಕಡಿಮೆ ಬರುವುದಿಲ್ಲ. ಆಪರೇಷನ್ ಮಾತ್ರ ಕಡಿಮೆ ಆಗುತ್ತದೆ. ಕಾರಣ ಕೇಳಿದರೆ ಮನೆಮನೆಯಲ್ಲೂ ಇಂಥ ಮಾತು ಕೇಳಿಬರುತ್ತದೆ.

"ನನಗ್ಯಾಕ ಬೇಕವ್ವಾ ಈ ವಯಸ್ಸಿನಾಗ? ಒಲಿ, ಮನಿ ಕಂಡ್ರ ಸಾಕು."

"ತೊಗರಿ ರಾಶಿ ಬಂದದ. ಆಯಿ ಜೊತಿ ಯಾರು ಹೋಗಬೇಕ್ರಿ? ಒಂದಿನದ ಕೂಲಿ ಹೋಗ್ತದ."

"ಪೊರೆ ಇನ್ನಾ ಬಲಿತಿಲ್ಲ ಅಂತಾರ. ಬಲೀಲಿ, ಆಮ್ಯಾಲ ನೋಡೂಣು."

ಮೊದಲ ಮಾತಿಗೆ ಉತ್ತರ ನಾವೇ ಕೊಡಬಹುದು. ಕಣ್ಣು ಕಾಣದ ಮುದುಕಿ ಒಲೆಯ ಹತ್ತಿರ ಕೂತರೆ ಸೆರಗಿಗೆ ಬೆಂಕಿ ತಗಲುವ ಭಯ. ರಾತ್ರಿ ಹೊರಗೆ ಎದ್ದುಹೋದರೆ ಬಿದ್ದು ಸೊಂಟ ಮುರಿಯುವ ಭಯ. ಎರಡನೆಯದಕ್ಕೆ ಉತ್ತರ ಸಂಘದವರ ಕೈಯಲ್ಲಿದೆ. ಅದನ್ನು ಮುಂದೆ ನೋಡೋಣ. ಮೂರನೆಯದು ಹಳೆಯ ಕಾಲದ ಮಾತು. ಪೊರೆ ಬಲಿಯುವ ತನಕ ಈಗ ಕಾಯಬೇಕಿಲ್ಲ. ಬಹಳ ಕಾದರೆ ಕಣ್ಣಿಗೇ ಅಪಾಯ.

ಪೊರೆ ಅಂದರೇನು? ಕಣ್ಣಿನೊಳಗೆ ಗಾಜಿನಂಥ ಒಂದು ಮಸೂರ ಇರುತ್ತದೆ. ವಯಸ್ಸಾದಂತೆ ಅದು ಮಂಜಾಗುತ್ತದೆ. ನಮ್ಮಲ್ಲಿ ಮೋತಿಬಿಂದು ಅಂತಲೂ ಹೇಳ್ತಾರೆ. ಇದು ಹನಿ ಔಷಧಿಯಿಂದ ಹೋಗುವುದಿಲ್ಲ. ಸೊಪ್ಪಿನ ರಸದಿಂದಲೂ ಹೋಗುವುದಿಲ್ಲ. ರಸ ಹಾಕಿದರೆ ಕಣ್ಣು ಕೊಳೆತು ಇದ್ದ ನೋಟವೂ ಹೋದೀತು. ಆಪರೇಷನ್ ಒಂದೇ ದಾರಿ. ಮಂಜಾದ ಮಸೂರ ತೆಗೆದು ಹೊಸ ಮಸೂರ ಕೂಡಿಸುತ್ತಾರೆ. ಬಹಳ ಹೊತ್ತು ಹಿಡಿಯುವುದಿಲ್ಲ. ಆದರೆ ಮೊದಲು ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ನೋಡುತ್ತಾರೆ. ದಿನಾ ನುಂಗುವ ಗುಳಿಗೆ ಇದ್ದರೆ ಅದರ ಚೀಟಿ ಒಯ್ಯಬೇಕು. ಆಧಾರ್ ಕಾರ್ಡು, ರೇಷನ್ ಕಾರ್ಡು ಜೊತೆಗಿರಲಿ.

ಆಪರೇಷನ್ ಆದ ಮೇಲೆ ಕಣ್ಣು ಉಜ್ಜಬಾರದು. ಡಾಕ್ಟರು ಹೇಳುವ ತನಕ ಕಣ್ಣಿಗೆ ನೀರು ಬೀಳಬಾರದು. ಹೊಗೆಯ ಮುಂದೆ ಕೂಡಬಾರದು, ಭಾರ ಎತ್ತಬಾರದು. ಹನಿ ಔಷಧಿ ಹೊತ್ತು ಹೊತ್ತಿಗೆ ಹಾಕಬೇಕು. ಸೀಸೆಯ ಮೇಲೆ ಬರೆದದ್ದನ್ನು ಯಾರು ಓದುತ್ತಾರೆ? ನಾವೇ. ಕಣ್ಣು ಕೆಂಪಾಗಿ ನೋವು ಹೆಚ್ಚಾದರೆ, ಕೀವು ಬಂದರೆ, ಮಂಜು ಹೆಚ್ಚಾದರೆ, ಬೆಳಗಾಗಲಿ ಅಂತ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಶಹಾಬಾದ, ವಾಡಿ ಕಡೆ ಇನ್ನೊಂದು ಮಾತು ಇದೆ. ಶಹಾಬಾದ ಕಲ್ಲು ದೇಶಕ್ಕೆಲ್ಲ ಹೋಗುತ್ತದೆ. ಆ ಫರಸಿ ಕಲ್ಲು ಒಡೆಯುವಾಗ ಚೂರು ಸಿಡಿದು ಕಣ್ಣಿಗೆ ಬೀಳುತ್ತದೆ. ಆಗ ಸೆರಗಿನ ತುದಿಯಿಂದಾಗಲಿ, ಕಡ್ಡಿಯಿಂದಾಗಲಿ ತೆಗೆಯಲು ಹೋಗಬೇಡಿ. ಉಜ್ಜದೆ ಆಸ್ಪತ್ರೆಗೆ ಹೋಗಬೇಕು. ಕಣ್ಣಿನ ಡಾಕ್ಟರು ಅತಿಥಿಯಾಗಿ ಬಂದಾಗ ಈ ಮಾತು ಅವರು ತಾವಾಗಿ ಹೇಳಲಿಕ್ಕಿಲ್ಲ. ಕಲ್ಲಿನ ಖಣಿಯಲ್ಲಿ ದುಡಿಯುವವರು ನಾವು. ನಾವು ಕೇಳಿದರೆ ಹೇಳುತ್ತಾರೆ.

ಕಣ್ಣಿನ ದಾನದ ಬಗ್ಗೆಯೂ ಭಾಷಣಗಳಲ್ಲಿ ಹೇಳುತ್ತಾರೆ. ಸತ್ತ ಮೇಲೆ 6 ತಾಸಿನೊಳಗೆ ಕಣ್ಣು ಕೊಡಬಹುದು. ಡಾ. ರಾಜಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣು ದಾನವಾದವು. 2021ರಲ್ಲಿ ಅವರ ಮಗ ಪುನೀತ್ ಅವರ ಕಣ್ಣುಗಳಿಂದ ನಾಲ್ಕು ಜನರಿಗೆ ನೋಟ ಬಂತು. ಕಣ್ಣು ಕೊಟ್ಟರೆ ಮುಂದಿನ ಜನ್ಮಕ್ಕೆ ಕುರುಡು ಎಂಬ ಮಾತನ್ನು ನಂಬಬೇಡಿ.

ಇನ್ನು ಪೋಲಿಯೋ ಹನಿ. ಇದು ನಮಗೆಲ್ಲ ಗೊತ್ತಿರುವ ಕೆಲಸ. 1985ರಲ್ಲಿ ರೋಟರಿ ಸಂಘ ಲೋಕದ ಮಕ್ಕಳನ್ನೆಲ್ಲ ಪೋಲಿಯೋದಿಂದ ಉಳಿಸುವ ಕೆಲಸ ಹಿಡಿಯಿತು. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೋ 1995ರಲ್ಲಿ ಶುರುವಾಯಿತು. ಸರ್ಕಾರ ಹನಿ ಕೊಟ್ಟಿತು. ಅಂಗನವಾಡಿ ಅಕ್ಕೋರು, ನರ್ಸಮ್ಮನವರು, ಸಂಘದವರು, ಕಾಲೇಜು ಹುಡುಗರು ಮನೆಮನೆಗೆ ಹೋದರು. ಬೂತಿಗೆ ಬಾರದ ಮಗು ಎಲ್ಲಿರುತ್ತದೆ? ಗುಳೆ ಹೋದ ತಾಯಿಯ ಸೊಂಟದ ಮೇಲೆ. ಇಟ್ಟಿಗೆ ಭಟ್ಟಿಯಲ್ಲಿ, ಕಬ್ಬಿನ ಗದ್ದೆಯಲ್ಲಿ, ರೈಲಿನಲ್ಲಿ. ವಾಡಿ ಜಂಕ್ಷನ್ ನೋಡಿದವರಿಗೆ ಇದು ತಿಳಿಯುತ್ತದೆ. ಮುಂಬೈ, ಮದ್ರಾಸು, ಹೈದರಾಬಾದಿನ ದಾರಿಗಳು ಅಲ್ಲಿ ಕೂಡುತ್ತವೆ. ಅದಕ್ಕೇ ರೈಲು ನಿಲ್ದಾಣ, ಬಸ್ ಸ್ಟ್ಯಾಂಡಿನಲ್ಲೂ ನಿಂತು ಹನಿ ಹಾಕುವ ಪದ್ಧತಿ ಬಂತು. 2009ರಲ್ಲಿ ನಮ್ಮ ದೇಶದಲ್ಲಿ 741 ಮಕ್ಕಳಿಗೆ ಪೋಲಿಯೋ ಬಂದಿತ್ತು. 2011ರ ಜನವರಿಯಲ್ಲಿ ಬಂಗಾಳದ ಹೌರಾದಲ್ಲಿ ಒಂದು ಹೆಣ್ಣುಮಗುವಿಗೆ ಬಂದದ್ದೇ ಕೊನೆಯದು. 2014ರ ಮಾರ್ಚ್ 27ರಂದು ದೇಶ ಪೋಲಿಯೋ ಮುಕ್ತ ಎಂಬ ಪತ್ರ ಸಿಕ್ಕಿತು. ಬೇರೆ ದೇಶಗಳಲ್ಲಿ ರೋಗ ಇನ್ನೂ ಇದೆ. ಆದ್ದರಿಂದ ಹನಿ ತಪ್ಪಿಸಬಾರದು.

ರಕ್ತದಾನ ಶಿಬಿರಕ್ಕೂ ಹೆಂಗಸರು ಹೋಗಬಹುದು. ವಯಸ್ಸು 18 ತುಂಬಿರಬೇಕು, 65 ದಾಟಿರಬಾರದು. ತೂಕ 45 ಕಿಲೋಗೆ ಕಡಿಮೆ ಇರಬಾರದು. ರಕ್ತದ ಹಿಮೋಗ್ಲೋಬಿನ್ 12.5 ಇರಬೇಕು. ಬಸುರಿಯರು, ಹಾಲುಣಿಸುವವರು ಕೊಡುವಂತಿಲ್ಲ. ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ ಕೊಡಬಹುದು. ನಿಮ್ಮ ರಕ್ತ ಕಡಿಮೆ ಇದೆ ಎಂದು ವಾಪಸು ಕಳಿಸಿದರೆ ನಾಚಿಕೆ ಬೇಡ. ಎಷ್ಟಿದೆ ಅಂತ ಕೇಳಿ ಬರೆದುಕೊಂಡು ಬನ್ನಿ. ಆ ಚೀಟಿ ಹಿಡಿದು ಆರೋಗ್ಯ ಕೇಂದ್ರಕ್ಕೆ ಹೋದರೆ ಕಬ್ಬಿಣದ ಗುಳಿಗೆ ಕೊಡುತ್ತಾರೆ. ಹೆರಿಗೆಯಲ್ಲಿ ರಕ್ತ ಹೋಗಿ ಪ್ರಾಣ ಬಿಟ್ಟ ಹೆಣ್ಣುಮಕ್ಕಳ ಕಥೆ ನಮ್ಮ ಓಣಿಗಳಿಗೆ ಹೊಸದಲ್ಲ.

ಒಂದು ಮಾತು ಮರೆತೀವಿ. ಈ ಸಂಘಗಳು ಮೊದಲು ಗಂಡಸರದೇ ಆಗಿದ್ದವು. ಲಯನ್ಸ್ 1987ರಲ್ಲಿ, ರೋಟರಿ 1989ರಲ್ಲಿ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡವು. ಸದಸ್ಯರಾಗಲು ಚಂದಾ ಕಟ್ಟಬೇಕು, ಅದು ಎಲ್ಲರಿಗೂ ಆಗದ ಮಾತು. ಆದರೆ ನಮಗೂ ಒಂದು ಸಂಘ ಇದೆ. ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಗುಂಪುಗಳು 2000ದ ಹೊತ್ತಿಗೆ ಶುರುವಾದವು. ಅಲ್ಲಿಯೂ ಸಭೆ ಇದೆ, ಪುಸ್ತಕ ಇದೆ, ಲೆಕ್ಕ ಇದೆ. ಉಳಿತಾಯದ ರೊಕ್ಕ ಎಣಿಸಿದ ಮೇಲೆ ಅರ್ಧ ತಾಸು ಅತಿಥಿಗೆ ಕೊಡಬಾರದೇ? ಡಾಕ್ಟರು, ನರ್ಸು, ಬ್ಯಾಂಕಿನವರು, ಪೊಲೀಸರು ಯಾರನ್ನಾದರೂ ಕರೆಯಬಹುದು. ಶಾಲು ಬೇಡ. ಕೇಳಬೇಕಾದ ಮೂರು ಪ್ರಶ್ನೆ ಮೊದಲೇ ಬರೆದಿಟ್ಟುಕೊಂಡರೆ ಸಾಕು.

ಅತಿಥಿಯನ್ನು ಕರೆಯಲು, ಮುದುಕಿಯರಿಗೆ ಗಾಡಿ ಕೇಳಲು ಸೇವಾ ಸಂಘಕ್ಕೆ ಪತ್ರ ಬರೆಯೋಣ. ಇದು ಒಂದು ಮಾದರಿ. ನಿಮ್ಮ ಊರು, ನಿಮ್ಮ ಲೆಕ್ಕ ಹಾಕಿಕೊಂಡು ಬರೆಯಿರಿ.

ಅಧ್ಯಕ್ಷರಿಗೆ,
ಸೇವಾ ಸಂಘ, ಸೇಡಂ.

ಮಾನ್ಯರೇ,

ನಮ್ಮ ಓಣಿಯಲ್ಲಿ ಕಣ್ಣು ಮಂಜಾದ ಮುದುಕಿಯರು 6 ಜನ ಇದ್ದಾರೆ. ಹೋದ ಶಿಬಿರಕ್ಕೆ ಒಬ್ಬರೂ ಬರಲಿಲ್ಲ. ಕರೆತರುವವರು ಇರಲಿಲ್ಲ. ಮುಂದಿನ ಶಿಬಿರವನ್ನು ತೊಗರಿ ರಾಶಿ ಮುಗಿದ ಮೇಲೆ ಇಡಬೇಕು. ಹೋಗಿಬರಲು ಗಾಡಿ ಕೊಡಬೇಕು. ಜೊತೆಗೆ ಬರಲು ನಮ್ಮ ಗುಂಪಿನ ಇಬ್ಬರು ಹೆಣ್ಣುಮಕ್ಕಳು ತಯಾರಿದ್ದೇವೆ. ಅದಕ್ಕೂ ಮೊದಲು ಕಣ್ಣಿನ ಡಾಕ್ಟರನ್ನು ನಮ್ಮ ಸಭೆಗೆ ಅತಿಥಿಯಾಗಿ ಕಳಿಸಿಕೊಡಿ. ಹಗಲು ಹೊಲದ ಕೆಲಸ ಇರುತ್ತದೆ. ಸಂಜೆ 7 ಗಂಟೆಗೆ ಬಂದರೆ ಎಲ್ಲರೂ ಸಿಗುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
(ಎಲ್ಲರ ಸಹಿ)

ಸಹಿ ಹಾಕುವ ಮೊದಲು ಪತ್ರವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿ. ಆರು ಮುದುಕಿಯರ ಹೆಸರು, ವಯಸ್ಸು ಬೇರೆ ಹಾಳೆಯಲ್ಲಿ ಬರೆದು ಜೊತೆಗೆ ಇಡಿ. ಮೊದಲು ಅವರನ್ನು ಕೇಳಿರಿ, ಆಮೇಲೆ ಹೆಸರು ಬರೆಯಿರಿ. ಪತ್ರದ ಇನ್ನೊಂದು ಪ್ರತಿ ಗುಂಪಿನ ಪುಸ್ತಕದಲ್ಲಿ ಇರಲಿ, ಕೊಟ್ಟ ತಾರೀಖು ಅದರ ಮೇಲೆ ಬರೆದಿರಲಿ. ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ಆ ಪ್ರತಿ ಹಿಡಿದು ಇಬ್ಬರು ಹೋಗಿ ಕೇಳಿ ಬನ್ನಿ.