ಭಾರದ ರೋಬೋಟ್‌ಗೆ ಎಂಥ ಬ್ಯಾಟರಿ?

ದಾನಿಗಳ ಹಣ ನಮ್ಮಲ್ಲಿರುವ ಅಮಾನತ್ತು. ಹಾಗಾಗಿ ವಿಜ್ಞಾನ ಮೇಳಕ್ಕೆ ರೋಬೋಟ್ ಕಟ್ಟುವ ಪಾರ್ವತಿನಗರದ ನಮ್ಮ ಮಕ್ಕಳು ಲೆಕ್ಕ ಹಾಕಿಯೇ ಬ್ಯಾಟರಿ ಕೊಳ್ಳಲಿ.

12 ವೋಲ್ಟ್‌ನ ಎರಡು ಮೋಟರ್‌ಗಳು ತಲಾ 5 ಆಂಪಿಯರ್ ಎಳೆದರೆ ಒಟ್ಟು 10 ಆಂಪಿಯರ್. ಅರ್ಧ ಗಂಟೆ ಓಡಲು 5 ಆಂಪಿಯರ್-ಅವರ್ ಬೇಕು. ಸೀಸದ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯುಷ್ಯ ಕುಗ್ಗುತ್ತದೆ. ಆದ್ದರಿಂದ 12 ಆಂಪಿಯರ್-ಅವರ್‌ನದನ್ನು ಆರಿಸಿ.

ಯುಪಿಎಸ್‌ನಲ್ಲಿರುವಂಥ ಸೀಲ್ ಮಾಡಿದ ಬ್ಯಾಟರಿ ಅಗ್ಗ. ತೂಕ ಸುಮಾರು 4 ಕೆ.ಜಿ. ಅದನ್ನು ತಳದಲ್ಲಿ ಕೂರಿಸಿದರೆ ರೋಬೋಟ್ ಸುಲಭವಾಗಿ ಮಗುಚದು. ಲಿಥಿಯಂ ಬ್ಯಾಟರಿ ಹಗುರ, ಆದರೆ ದುಬಾರಿ. ಅದಕ್ಕೆ ತಕ್ಕ ಚಾರ್ಜರ್ ಬೇರೆಯೇ ಬೇಕು. ಹಳೆಯ ಕಾರ್ ಬ್ಯಾಟರಿ ಬೇಡ: ಅದು ಎಂಜಿನ್ ಚಾಲೂ ಮಾಡಲು ಕ್ಷಣಕಾಲ ಕರೆಂಟ್ ಕೊಡುವಂಥದ್ದು, ಆಮ್ಲ ಚೆಲ್ಲುವ ಭಯವೂ ಇದೆ.

ವೇಗ ತಗ್ಗಿಸಿದರೆ ಖರ್ಚೂ ತಗ್ಗುತ್ತದೆ. 2023ರಲ್ಲಿ ಚಂದ್ರನ ಮೇಲೆ ಓಡಿದ 26 ಕೆ.ಜಿ.ಯ ಪ್ರಜ್ಞಾನ್ ರೋವರ್‌ನ ಸೌರಫಲಕ 50 ವ್ಯಾಟ್‌ನದು. ವೇಗ ಸೆಕೆಂಡಿಗೆ ಸುಮಾರು 1 ಸೆಂ.ಮೀ.

ಚಕ್ರ ಸಿಕ್ಕಿಕೊಂಡರೆ ಕರೆಂಟ್ ಹಲವು ಪಟ್ಟು ಏರಿ ತಂತಿ ಸುಟ್ಟೀತು. ಬ್ಯಾಟರಿಯ ಪ್ಲಸ್ ತುದಿಯ ಪಕ್ಕದಲ್ಲೇ ಫ್ಯೂಸ್ ಹಾಕಿ. ಪೋಷಕರೇ, ನಮ್ಮ ಬಳ್ಳಾರಿ ಬಿಸಿಲಿನಲ್ಲಿ ಬ್ಯಾಟರಿ ಇಡಲು ಬಿಡಬೇಡಿ. ಮಕ್ಕಳು ಚಾರ್ಜ್ ಮಾಡುವಾಗ ದೊಡ್ಡವರೊಬ್ಬರು ಬಳಿಯಲ್ಲಿರಿ.